ಒಬ್ಬರೇ ಫೀನಿಕ್ಸ್‌ಗೆ ಬರುತ್ತಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಟೆಂಪಿಯ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಗೆ ಓದಲು, ಚಾಂಡ್ಲರ್‌ನ ಇಂಟೆಲ್‌ಗೆ, ಉತ್ತರ ಫೀನಿಕ್ಸ್‌ನ ಟಿಎಸ್‌ಎಂಸಿ ಚಿಪ್ ಕಾರ್ಖಾನೆಗೆ, ಬ್ಯಾಂಕು ಆಸ್ಪತ್ರೆಗಳ ಐಟಿ ವಿಭಾಗಗಳಿಗೆ ಅಂತ ಕನ್ನಡದ ಹುಡುಗ ಹುಡುಗಿಯರು ಪ್ರತಿ ವರ್ಷ ಅಮೆರಿಕದ ಅರಿಝೋನಾ ರಾಜ್ಯದ ಈ ಫೀನಿಕ್ಸ್ ಕಡೆಗೆ ಬರುತ್ತಲೇ ಇರುತ್ತಾರೆ. ಬಹುಪಾಲು ಒಬ್ಬೊಬ್ಬರೇ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಇಲ್ಲಿ ನೆಲೆಸಿರುವ ನಾನು ಅವಕ್ಕೆ ಕೊಡುತ್ತಾ ಬಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ಸಂಸಾರದೊಂದಿಗೆ ಬರುವವರಿಗೂ ಕೆಲವು ಉಪಯೋಗಕ್ಕೆ ಬಂದಾವು. ಆದರೆ ಮನೆಯೊಳಗೆ ಇನ್ನೊಂದು ಜೀವ ಇಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆದಿದ್ದೇನೆ.

ಬಿಸಿಲು ನಿಜವಾಗಿಯೂ ಅಷ್ಟೊಂದು ಇರುತ್ತಾ? ನಾವು ರಾಯಚೂರು ಕಡೆಯವರು, ಅಭ್ಯಾಸ ಇದೆ.

ಹಗಲಿಗೆ ಆ ಅಭ್ಯಾಸ ಒಂದಷ್ಟು ಕೆಲಸಕ್ಕೆ ಬರುತ್ತದೆ. ರಾತ್ರಿಗೆ ಬರುವುದಿಲ್ಲ. ರಾಯಚೂರಿನಲ್ಲಿ ಏಪ್ರಿಲ್, ಮೇ ದಾಟಿಸಿ ಜೂನ್‌ನಲ್ಲಿ ಮೋಡ ಕಟ್ಟಿತೆಂದರೆ ಧಗೆ ಇಳಿಯಿತು ಅಂತ ಲೆಕ್ಕ. ಇಲ್ಲಿ ಮೇ ಕೊನೆಗೆ ಶುರುವಾದದ್ದು ಸೆಪ್ಟೆಂಬರ್ ಮುಗಿಯುವವರೆಗೂ ಎಳೆಯುತ್ತದೆ. 1990ರ ಜೂನ್ 26ರಂದು 122 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದು ಈ ಊರಿನ ದಾಖಲೆ. 2023ರಲ್ಲಿ ಸತತ 31 ದಿನ ಉಷ್ಣಾಂಶ 110 ಫ್ಯಾರನ್‌ಹೀಟ್ (43 ಸೆಲ್ಸಿಯಸ್) ಮುಟ್ಟಿತು ಅಥವಾ ದಾಟಿತು. 2024ರಲ್ಲಿ ಸತತ 113 ದಿನ 100 ಫ್ಯಾರನ್‌ಹೀಟ್‌ಗಿಂತ ಕೆಳಗಿನ ಹಗಲೇ ಇರಲಿಲ್ಲ. ಇವೆಲ್ಲ ಪತ್ರಿಕೆಗೆ ಸಿಗುವ ಸಂಖ್ಯೆಗಳು. ಬದುಕುವವರನ್ನು ಹಣಿಯುವುದು ಬೇರೆ ಸಂಖ್ಯೆ: 2023ರ ಜುಲೈ 19ರಂದು ಇಲ್ಲಿನ ಕನಿಷ್ಠ ಉಷ್ಣಾಂಶವೇ 97 ಫ್ಯಾರನ್‌ಹೀಟ್, 36 ಸೆಲ್ಸಿಯಸ್. ಹಗಲೆಲ್ಲ ಬಿಸಿಲು ಕುಡಿದ ಟಾರು, ಕಾಂಕ್ರೀಟು, ಗೋಡೆಗಳು ಅದನ್ನು ರಾತ್ರಿಯಿಡೀ ಬಿಡುತ್ತಿರುತ್ತವೆ. ಕಿಟಕಿ ತೆಗೆದು ಮಲಗುವ ಮಾತೇ ಇಲ್ಲ.

'ಒಣ ಬಿಸಿಲು ತಾನೇ, ಬೆವರೇ ಬರಲ್ಲ' ಅಂತ ಹೇಳುವವರ ಮಾತು ನಂಬಬೇಡಿ. ಬೆವರು ಬರುತ್ತದೆ, ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದ ಕಾರಣ ಮೈಯಿಂದ ಎಷ್ಟು ನೀರು ಹೋಯಿತು ಅಂತ ಗೊತ್ತಾಗುವುದಿಲ್ಲ, ಅಷ್ಟೇ. ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಿ. ಬರೀ ನೀರು ಸಾಲದು, ಉಪ್ಪೂ ಬೇಕು. ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿ ಬಾಟಲಿಯಲ್ಲಿ ಆಫೀಸಿಗೆ ಒಯ್ಯಿರಿ.

ಹಾಗಾದರೆ ಜನ ಸಾಯುವುದೂ ನಿಜವೇ?

ನಿಜ. ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 2023ರಲ್ಲಿ ಬಿಸಿಲಿಗೆ ಸಂಬಂಧಿಸಿದ 645 ಸಾವುಗಳು ದಾಖಲಾದವು. ಅವರಲ್ಲಿ ಸೂರಿಲ್ಲದೆ ಬೀದಿಯಲ್ಲಿದ್ದವರು ಬಹಳ. ಆದರೆ ಮನೆಯೊಳಗೇ ಸತ್ತವರೂ ಇದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಎಸಿ ಇತ್ತು, ಕೆಲಸ ಮಾಡುತ್ತಿರಲಿಲ್ಲ.

ಒಬ್ಬರೇ ಇರುವವರಿಗೆ ನಾನು ಒತ್ತಿ ಹೇಳುವ ವಿಷಯ ಇಲ್ಲಿದೆ. ಬಿಸಿಲಿನ ಹೊಡೆತ ಮಿದುಳಿನವರೆಗೆ ಹೋದಾಗ ಮೊದಲು ಕೆಡುವುದು ತಿಳಿವಳಿಕೆ. ಮಾತು ತಡವರಿಸುತ್ತದೆ, ಎಲ್ಲಿದ್ದೇನೆ ಎಂಬುದು ಮಂಕಾಗುತ್ತದೆ, ಸುಮ್ಮನೆ ಮಲಗಿಬಿಡೋಣ ಅನ್ನಿಸುತ್ತದೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ 'ಯಾಕೋ ಹೀಗಾಡ್ತಿದ್ದಾನೆ' ಅಂತ ಕಂಡುಹಿಡಿದು ತುರ್ತು ಸಹಾಯದ 911ಕ್ಕೆ ಕರೆ ಮಾಡುತ್ತಾರೆ. ಒಬ್ಬರೇ ಇದ್ದಾಗ, ಅಪಾಯವನ್ನು ಗುರುತಿಸಬೇಕಾದ ತಲೆಯೇ ಮೊದಲು ಕೆಟ್ಟಿರುತ್ತದೆ. ಆದ್ದರಿಂದ ಎಸಿ ಎಷ್ಟು ಮುಖ್ಯವೋ ದಿನಕ್ಕೊಮ್ಮೆ ನಿಮ್ಮನ್ನು ವಿಚಾರಿಸುವ ಒಬ್ಬ ಮನುಷ್ಯ ಇದೇ ಊರಿನಲ್ಲಿ ಇರುವುದೂ ಅಷ್ಟೇ ಮುಖ್ಯ. ಊರಿನಲ್ಲಿರುವ ಅಮ್ಮನಿಗೆ ದಿನಾ ಫೋನ್ ಮಾಡುತ್ತೀರಿ, ಸರಿ. ಆದರೆ ನೀವು ಫೋನ್ ಎತ್ತದಿದ್ದರೆ ಅಮ್ಮ ಬಂದು ಬಾಗಿಲು ತಟ್ಟುವ ಹಾಗಿಲ್ಲ.

ಯಾವ ತಿಂಗಳಲ್ಲಿ ಬರುವುದು ಒಳ್ಳೆಯದು?

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅಕ್ಟೋಬರ್ ಕೊನೆಯಿಂದ ಮಾರ್ಚ್ ಒಳಗೆ. ಹವೆ ಹಿತವಾಗಿರುತ್ತದೆ, ನಡೆದಾಡಿ ಊರು ನೋಡಬಹುದು, ಬೇಸಿಗೆಗೆ ಮುಂಚೆ ನಾಲ್ಕು ಜನರ ಪರಿಚಯವೂ ಆಗಿರುತ್ತದೆ. ಒಂದೇ ತೊಡಕು ಅಂದರೆ, ಚಳಿಗಾಲ ಕಳೆಯಲು ಉತ್ತರದ ರಾಜ್ಯಗಳಿಂದ, ಕೆನಡಾದಿಂದ ನಿವೃತ್ತರು ಬಂದು ಸೇರುವುದರಿಂದ ಜನವರಿಯಿಂದ ಮಾರ್ಚ್‌ವರೆಗೆ ಸಾಮಾನು ಸಮೇತ ಸಿಗುವ ತಾತ್ಕಾಲಿಕ ಮನೆಗಳು ದುಬಾರಿ. ವಿದ್ಯಾರ್ಥಿಗಳಿಗೆ ಆಯ್ಕೆ ಇಲ್ಲ, ಆಗಸ್ಟ್‌ನ ನಡು ಬೇಸಿಗೆಯಲ್ಲೇ ಬಂದಿಳಿಯಬೇಕು. ಭಾರತದಿಂದ ನೇರ ವಿಮಾನವೂ ಇಲ್ಲ, ಎಲ್ಲಾದರೂ ಬದಲಿಸಿಯೇ ಬರಬೇಕು. ಇಳಿದ ಮೊದಲ ವಾರ ಯಾವ ಧೈರ್ಯವನ್ನೂ ಮಾಡಬೇಡಿ. ಮೈ ಒಗ್ಗಲು ಒಂದೆರಡು ವಾರ ಬೇಕು.

ಯಾವ ಏರಿಯಾ?

'ವ್ಯಾಲಿ' ಅಂತ ಇಲ್ಲಿಯವರು ಕರೆಯುವುದು ಒಂದು ಊರನ್ನಲ್ಲ. ಫೀನಿಕ್ಸ್, ಟೆಂಪಿ, ಮೇಸಾ, ಚಾಂಡ್ಲರ್, ಗಿಲ್ಬರ್ಟ್, ಸ್ಕಾಟ್ಸ್‌ಡೇಲ್, ಗ್ಲೆಂಡೇಲ್, ಪಿಯೋರಿಯಾ ಹೀಗೆ ಒಂದಕ್ಕೊಂದು ಅಂಟಿಕೊಂಡ ಊರುಗಳ ಗೊಂಚಲು. ಫೀನಿಕ್ಸ್ ನಗರದಲ್ಲೇ 2020ರ ಜನಗಣತಿಯಂತೆ 16 ಲಕ್ಷ ಜನ. ಸುತ್ತಲಿನದೆಲ್ಲ ಸೇರಿದರೆ 48 ಲಕ್ಷ ದಾಟುತ್ತದೆ.

ಕಾರಿಲ್ಲದವರಿಗೆ, ವಿದ್ಯಾರ್ಥಿಗಳಿಗೆ ಟೆಂಪಿ. ಕಾರಿಲ್ಲದೆ ಕೆಲಸಕ್ಕೆ ಹೋಗುವವರಿಗೆ, ಸಂಜೆ ಜನರ ನಡುವೆ ಇರಬೇಕು ಅನ್ನುವವರಿಗೆ ಡೌನ್‌ಟೌನ್ ಫೀನಿಕ್ಸ್ ಅಥವಾ ಲೈಟ್ ರೈಲ್ (ಊರೊಳಗೆ ಓಡುವ ಸಣ್ಣ ರೈಲು) ಹಾದಿಯ ಮಿಡ್‌ಟೌನ್. ಚಾಂಡ್ಲರ್ ಮತ್ತು ಗಿಲ್ಬರ್ಟ್‌ನಲ್ಲಿ ನಮ್ಮವರು ತುಂಬಾ ಇದ್ದಾರೆ, ದಿನಸಿ ಅಂಗಡಿಗಳೂ ಹತ್ತಿರ. ಆದರೆ ಅದು ಸಂಸಾರಸ್ಥರ ಲೋಕ; ವಯಸ್ಸು ಇಪ್ಪತ್ತೈದರ ಆಸುಪಾಸು ಇರುವವರಿಗೆ ಸಂಜೆ ಏಳರ ನಂತರ ಭಣಭಣ ಅನ್ನಿಸಬಹುದು. ಟಿಎಸ್‌ಎಂಸಿಗೆ ಹೋಗುವವರು ಚಾಂಡ್ಲರ್‌ನಲ್ಲಿ ಮನೆ ಮಾಡಿದರೆ ದಿನಾ ಇಡೀ ಊರನ್ನು ದಾಟಬೇಕು. ಅವರು ಉತ್ತರ ಫೀನಿಕ್ಸ್‌ನಲ್ಲೇ ಹುಡುಕಲಿ.

ಬ್ರೋಕರ್ ಹೇಳದ ಒಂದು ಮಾತು: ಸಾಧ್ಯವಾದರೆ ಆಫೀಸಿನ ಪೂರ್ವಕ್ಕೆ ಮನೆ ಮಾಡಿ. ಇಲ್ಲಿನ ರಸ್ತೆಗಳು ಗೆರೆ ಎಳೆದ ಹಾಗೆ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ. ಮನೆ ಪೂರ್ವಕ್ಕಿದ್ದರೆ ಬೆಳಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಸೂರ್ಯ ಬೆನ್ನ ಹಿಂದೆ. ಪಶ್ಚಿಮಕ್ಕಿದ್ದರೆ ಎರಡು ಹೊತ್ತೂ ಕಣ್ಣಿಗೆ ಕುಕ್ಕುತ್ತಾನೆ.

ವಿಳಾಸ ಓದುವುದಕ್ಕೂ ಒಂದು ಕ್ರಮ ಇದೆ. ಸೆಂಟ್ರಲ್ ಅವೆನ್ಯೂ ಊರಿನ ನಡುಗೆರೆ. ಅದರ ಪೂರ್ವಕ್ಕೆ ಸಂಖ್ಯೆಯ ಜೊತೆ 'ಸ್ಟ್ರೀಟ್', ಪಶ್ಚಿಮಕ್ಕೆ ಸಂಖ್ಯೆಯ ಜೊತೆ 'ಅವೆನ್ಯೂ'. 40ನೇ ಸ್ಟ್ರೀಟ್‌ನ ಮನೆ ನೋಡಲು ಹೊರಟು 40ನೇ ಅವೆನ್ಯೂಗೆ ಹೋದರೆ ಊರಿನ ಇನ್ನೊಂದು ಕೊನೆಯಲ್ಲಿರುತ್ತೀರಿ.

ಬ್ಯಾಚುಲರ್ ಅಂತ ಮನೆ ಕೊಡದೇ ಇರ್ತಾರಾ?

ಯಾರೂ ಕೇಳುವುದಿಲ್ಲ. ಮದುವೆ ಆಗಿದೆಯಾ, ಮಾಂಸ ತಿಂತೀರಾ, ಸ್ನೇಹಿತರು ಬರ್ತಾರಾ ಎಂಬ ಬೆಂಗಳೂರಿನ ವಿಚಾರಣೆ ಇಲ್ಲಿಲ್ಲ. ಅಪಾರ್ಟ್‌ಮೆಂಟ್ ಆಫೀಸಿನವರು ನೋಡುವುದು ಎರಡೇ: ತಿಂಗಳ ವರಮಾನ ಬಾಡಿಗೆಯ ಮೂರು ಪಟ್ಟಿನಷ್ಟಿದೆಯಾ, ಕ್ರೆಡಿಟ್ ಸ್ಕೋರ್ ಹೇಗಿದೆ. ಹೊಸದಾಗಿ ಬಂದವರಿಗೆ ಸ್ಕೋರ್ ಇರುವುದಿಲ್ಲವಾದ್ದರಿಂದ ಆಫರ್ ಲೆಟರ್ ತೋರಿಸಿ ಮಾತಾಡಿ.

ಅಡ್ವಾನ್ಸ್ ವಿಷಯದಲ್ಲಿ ಅರಿಝೋನಾ ಕಾನೂನು ಬಾಡಿಗೆದಾರರ ಪರ ಇದೆ. ಡೆಪಾಸಿಟ್, ಮುಂಗಡ ಬಾಡಿಗೆ ಅಂತ ಏನೇ ಹೆಸರಿಟ್ಟರೂ ಒಟ್ಟು ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ನೀವಾಗಿಯೇ ಹೆಚ್ಚು ಕಟ್ಟುತ್ತೇನೆ ಅಂದರೆ ತಡೆಯಿಲ್ಲ, ಸ್ಕೋರ್ ಇಲ್ಲದವರು ಕೆಲವರು ಹಾಗೆ ಮಾಡುತ್ತಾರೆ. ಮನೆ ಬಿಟ್ಟು ಲೆಕ್ಕ ಕೇಳಿದ ಮೇಲೆ ರಜಾದಿನ ಬಿಟ್ಟು 14 ದಿನಗಳಲ್ಲಿ ಲೆಕ್ಕ ಕೊಟ್ಟು ಹಣ ಹಿಂತಿರುಗಿಸಬೇಕು. ಒಳಬಂದ ದಿನವೇ ಪ್ರತಿ ಕೋಣೆಯ ವಿಡಿಯೋ ಮಾಡಿಟ್ಟುಕೊಳ್ಳಿ. 2025ರ ಜನವರಿ 1ರಿಂದ ವಾಸದ ಮನೆಯ ಬಾಡಿಗೆ ಮೇಲೆ ನಗರಗಳು ಹಾಕುತ್ತಿದ್ದ ತೆರಿಗೆ ರದ್ದಾಗಿದೆ. ಲೀಸ್‌ನಲ್ಲಿ ಇನ್ನೂ ಅದು ಕಂಡರೆ ಕೇಳಿ. ಕಣ್ಣಾರೆ ನೋಡದ ಮನೆಗೆ ಊರಿನಿಂದಲೇ ದುಡ್ಡು ಕಳಿಸಬೇಡಿ.

ಮನೆ ನೋಡುವಾಗ ಏನೇನು ನೋಡಬೇಕು?

ಈಜುಕೊಳ, ಜಿಮ್ ಆಮೇಲೆ ನೋಡಿ. ಮೊದಲು ಎಸಿ.

ಎಸಿ ಎಷ್ಟು ವರ್ಷದ್ದು ಅಂತ ಕೇಳಿ. ಹೊರಗಿನ ಯೂನಿಟ್‌ನ ಮೇಲೆ ಅಂಟಿಸಿರುವ ಲೋಹದ ಪಟ್ಟಿಯಲ್ಲಿ ತಯಾರಾದ ದಿನಾಂಕ ಸಾಮಾನ್ಯವಾಗಿ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಒಳಗೆ ಥರ್ಮೋಸ್ಟಾಟ್ ಇಳಿಸಿ, ಹತ್ತು ನಿಮಿಷ ಮನೆ ನೋಡುತ್ತಾ ಇರಿ, ಗಾಳಿ ತಣ್ಣಗೆ ಬರುತ್ತಿದೆಯೇ ಗಮನಿಸಿ. ಹಜಾರದ ಚಾವಣಿಯಲ್ಲೋ ಗೋಡೆಯಲ್ಲೋ ದೊಡ್ಡ ಜಾಲರಿ ಇರುತ್ತದೆ. ಅದರ ಎರಡು ಚಿಲಕ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತದೆ, ಹಿಂದೆ ಕಾಗದದ ಚೌಕಟ್ಟಿನ ಫಿಲ್ಟರ್. ಬೂದು ಬಣ್ಣಕ್ಕೆ ತಿರುಗಿ ಧೂಳು ದಪ್ಪಗೆ ಕೂತಿದ್ದರೆ ಆ ಮನೆಯ ಎಸಿಯನ್ನು ಯಾರೂ ವಿಚಾರಿಸಿಕೊಂಡಿಲ್ಲ ಅಂತಲೇ ಅರ್ಥ. ನೀವು ಸೇರಿದ ಮೇಲೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅದನ್ನು ಬದಲಿಸಿ. ಅಳತೆ ಚೌಕಟ್ಟಿನ ಅಂಚಿನಲ್ಲೇ ಅಚ್ಚಾಗಿರುತ್ತದೆ, ಪಕ್ಕದಲ್ಲಿ ಒಂದು ಬಾಣದ ಗುರುತು ಇರುತ್ತದೆ. ಬಾಣ ಕೋಣೆಯ ಕಡೆಗಲ್ಲ, ಜಾಲರಿಯ ಒಳಗಿನ ಕೊಳವೆಯ ಕಡೆಗೆ ಇರಬೇಕು. ಈ ಸಣ್ಣ ಕೆಲಸ ಮಾಡದೆ ಜುಲೈನಲ್ಲಿ ಎಸಿ ಕೈಕೊಟ್ಟ ಮನೆಗಳು ಎಷ್ಟೋ ಇವೆ.

ಆಮೇಲೆ ಪಶ್ಚಿಮದ ಕಿಟಕಿ. ಮಧ್ಯಾಹ್ನ ಮೂರರಿಂದ ಏಳರವರೆಗೆ ಬಿಸಿಲು ಅಲ್ಲಿಂದಲೇ ನುಗ್ಗುವುದು. ಉತ್ತರಕ್ಕೆ ಮುಖ ಮಾಡಿದ ಮನೆ ಸಿಕ್ಕರೆ ಬಿಡಬೇಡಿ. ಎಲ್ಲಕ್ಕಿಂತ ಮೇಲಿನ ಮಹಡಿ ಬೇಡ, ಚಾವಣಿ ಕಾಯುತ್ತದೆ. ಕಾರಿಗೆ ನೆರಳಿನ ಪಾರ್ಕಿಂಗ್ ಕೇಳಿ, ಹೆಚ್ಚಿಗೆ ದುಡ್ಡು ಕೊಟ್ಟಾದರೂ ಸರಿ. ಹಳೆಯ ಅಗ್ಗದ ಮನೆಗಳಲ್ಲಿ ಎಸಿ ಬದಲು ನೀರು ಆವಿಯಾಗಿಸಿ ತಂಪು ಮಾಡುವ ಕೂಲರ್ ಇರುವುದುಂಟು. ಜೂನ್‌ನ ಒಣ ಹವೆಗೆ ಅದು ನಡೆಯುತ್ತದೆ, ಜುಲೈ-ಆಗಸ್ಟ್‌ನ ತೇವಕ್ಕೆ ಸೋಲುತ್ತದೆ. ಅಂಥ ಮನೆ ಬೇಡವೇ ಬೇಡ.

ಎಸಿ ಕೆಟ್ಟರೆ?

ಫೀನಿಕ್ಸ್ ನಗರದ ನಿಯಮದಂತೆ, ಎಸಿ ಇರುವ ಬಾಡಿಗೆ ಮನೆಯನ್ನು 82 ಡಿಗ್ರಿ ಫ್ಯಾರನ್‌ಹೀಟ್ (28 ಸೆಲ್ಸಿಯಸ್) ಅಥವಾ ಅದಕ್ಕಿಂತ ಕೆಳಗೆ ತಂಪಾಗಿ ಇಡಬಲ್ಲಂತಿರುವುದು ಮಾಲೀಕರ ಹೊಣೆ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಕೂಡಲೇ ಬರವಣಿಗೆಯಲ್ಲಿ ಕೊಡಿ. ಥರ್ಮೋಸ್ಟಾಟ್‌ನ ಫೋಟೋ ಲಗತ್ತಿಸಿ. ಮಾಲೀಕರು ಕೈಚೆಲ್ಲಿ ಕೂತರೆ, ನೋಟಿಸ್ ಕೊಟ್ಟು ಬೇರೆಡೆ ಉಳಿದುಕೊಳ್ಳಲು, ಆ ದಿನಗಳ ಬಾಡಿಗೆ ಕೊಡದಿರಲು ರಾಜ್ಯದ ಬಾಡಿಗೆ ಕಾನೂನಿನಲ್ಲಿ ದಾರಿ ಇದೆ.

ಆದರೆ ಕಾನೂನು ಮಾತಾಡುವುದು ಮರುದಿನ. ಆ ರಾತ್ರಿ ಮಾತ್ರ ಆ ಮನೆಯಲ್ಲಿ ಮಲಗಬೇಡಿ. ಫ್ಯಾನ್ ಹಾಕಿಕೊಂಡು ಹೇಗೋ ಕಳೆಯುತ್ತೇನೆ ಅನ್ನಬೇಡಿ. ಕೋಣೆಯ ಗಾಳಿ ಮೈಗಿಂತ ಬಿಸಿಯಾದ ಮೇಲೆ ಫ್ಯಾನ್ ಆ ಬಿಸಿಯನ್ನೇ ಮೈಗೆ ಬೀಸುತ್ತದೆ. 'ಇವತ್ತು ನಿಮ್ಮನೆ ಸೋಫಾದಲ್ಲಿ ಮಲಗ್ತೀನಿ' ಅಂತ ಸಂಕೋಚವಿಲ್ಲದೆ ಕೇಳಬಹುದಾದ ಎರಡು ಮನೆಗಳನ್ನು ಮೇ ತಿಂಗಳಿಗೆ ಮುಂಚೆಯೇ ಗೊತ್ತುಮಾಡಿಕೊಂಡಿರಿ. ಯಾರೂ ಇಲ್ಲದಿದ್ದರೆ ಹೋಟೆಲ್. ಅದೂ ಆಗದಿದ್ದರೆ 211ಕ್ಕೆ ಕರೆ ಮಾಡಿ, ಬಿಸಿಲಿನಿಂದ ಆಶ್ರಯ ಕೊಡುವ ತಂಪು ಕೇಂದ್ರಗಳು ಎಲ್ಲಿವೆ ಅಂತ ಹೇಳುತ್ತಾರೆ.

ಕರೆಂಟ್ ಬಿಲ್ ಎಷ್ಟು ಬರಬಹುದು?

ಮನೆಗೆ ತಕ್ಕಂತೆ. ಆ ಮನೆಯ ಹಿಂದಿನ ಜುಲೈ, ಆಗಸ್ಟ್ ಬಿಲ್ ಕೇಳಿ ನೋಡುವುದೇ ಸರಿಯಾದ ಅಂದಾಜು. ಕಂಪನಿ ಆರಿಸಿಕೊಳ್ಳುವ ಅವಕಾಶ ಇಲ್ಲ, ಪ್ರದೇಶಕ್ಕೆ ತಕ್ಕ ಹಾಗೆ ಎಪಿಎಸ್ ಅಥವಾ ಎಸ್‌ಆರ್‌ಪಿ. ಆರಿಸಿಕೊಳ್ಳಬಹುದಾದದ್ದು ಪ್ಲಾನ್. ಹೊತ್ತಿಗೆ ತಕ್ಕಂತೆ ದರ ಬದಲಾಗುವ ಪ್ಲಾನ್‌ಗಳಲ್ಲಿ ಸಂಜೆಯ ಹೊತ್ತು ತುಟ್ಟಿ. ಎಪಿಎಸ್‌ನಲ್ಲಿ ವಾರದ ದಿನಗಳಲ್ಲಿ ಸಂಜೆ 4ರಿಂದ 7. ಹಾಗಾಗಿ ಮಧ್ಯಾಹ್ನವೇ ಮನೆಯನ್ನು ಚೆನ್ನಾಗಿ ತಣ್ಣಗೆ ಮಾಡಿ, ಆ ಮೂರು ಗಂಟೆ ಥರ್ಮೋಸ್ಟಾಟ್ ನಾಲ್ಕೈದು ಡಿಗ್ರಿ ಏರಿಸಿಡುವುದು ಇಲ್ಲಿಯವರ ರೂಢಿ. ಬಟ್ಟೆ ಒಗೆಯುವುದು, ಕುಕ್ಕರ್ ಇಡುವುದು ಎಲ್ಲ ಏಳರ ಮೇಲೆ. ಬಿಲ್ ಉಳಿಸಲು ಎಸಿ ಪೂರ್ತಿ ಆರಿಸಿ ಆಫೀಸಿಗೆ ಹೋಗಬೇಡಿ, ಸಂಜೆ ಕಾದ ಗೋಡೆಗಳನ್ನು ತಣಿಸಲು ಅದಕ್ಕಿಂತ ಹೆಚ್ಚು ಪಾಡು.

ಕಾರು ಬೇಕೇ ಬೇಕಾ?

ಟೆಂಪಿ ಅಥವಾ ಡೌನ್‌ಟೌನ್‌ನಲ್ಲಿದ್ದು ಲೈಟ್ ರೈಲ್ ಪಕ್ಕ ಕೆಲಸವೋ ಓದೋ ಇದ್ದರೆ ಮೊದಲ ವರ್ಷ ಬೇಡ. 2008ರ ಡಿಸೆಂಬರ್‌ನಲ್ಲಿ ಶುರುವಾದ ಈ ರೈಲು ಈಗ ಪೂರ್ವದಲ್ಲಿ ಮೇಸಾದವರೆಗೆ, ದಕ್ಷಿಣ ಫೀನಿಕ್ಸ್‌ಗೂ ಹೋಗುತ್ತದೆ. ವಿಮಾನ ನಿಲ್ದಾಣದಿಂದ ಉಚಿತ ಸ್ಕೈ ಟ್ರೈನ್ ಹಿಡಿದು 44ನೇ ಸ್ಟ್ರೀಟ್ ನಿಲ್ದಾಣಕ್ಕೆ ಬಂದರೆ ಲೈಟ್ ರೈಲ್ ಸಿಗುತ್ತದೆ. ಊರಿನ ದೊಡ್ಡ ಭಾಗದಲ್ಲಿ ಚಾಲಕನಿಲ್ಲದ ವೇಮೋ ಕಾರುಗಳು ಓಡಾಡುತ್ತವೆ. ರಾತ್ರಿ ತಡವಾಗಿ ಒಬ್ಬರೇ ಮನೆಗೆ ಮರಳುವ ಹುಡುಗಿಯರು ಅದನ್ನು ಮೆಚ್ಚಿಕೊಂಡಿದ್ದಾರೆ.

ಉಳಿದೆಡೆ ಕಾರಿಲ್ಲದೆ ಆಗದು. ದೂರ ಅಂತಲ್ಲ, ಆಗಸ್ಟ್‌ನಲ್ಲಿ ನೆರಳಿಲ್ಲದ ಬಸ್ ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದು ಆರೋಗ್ಯದ ಪ್ರಶ್ನೆ. ಇಲ್ಲಿ ನೆಲೆಸಿದ ಮೇಲೆ ಓಡಿಸಲು ಅರಿಝೋನಾ ಲೈಸೆನ್ಸ್ ಬೇಕು, ಮೋಟರ್ ವೆಹಿಕಲ್ ಡಿವಿಷನ್‌ನಲ್ಲಿ ಮಾಡಿಸಿಕೊಳ್ಳಿ. ವೀಸಾದ ಮೇಲೆ ಇರುವವರಿಗೆ ವಾಸದ ಅನುಮತಿ ಇರುವವರೆಗೆ ಮಾತ್ರ ಅದು ಊರ್ಜಿತ. ಮನೆ ಬದಲಿಸಿದರೆ 10 ದಿನಗಳೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ವಿದ್ಯಾರ್ಥಿಗಳು ಕಾಲೇಜಿನ ಕಚೇರಿಯ ಮೂಲಕ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಎಸಿ, ಬ್ಯಾಟರಿ, ಟೈರ್ ಮೂರನ್ನೂ ಹುಷಾರಾಗಿ ನೋಡಿ. ಬೇರೆ ಊರಿನಲ್ಲಿ ನಾಲ್ಕೈದು ವರ್ಷ ಬರುವ ಬ್ಯಾಟರಿ ಇಲ್ಲಿ ಎರಡು ಮೂರು ವರ್ಷಕ್ಕೇ ಸಾಯುತ್ತದೆ, ಅದೂ ಹೇಳದೆ ಕೇಳದೆ. ಡಿಕ್ಕಿಯಲ್ಲಿ ಯಾವಾಗಲೂ ನೀರು ಇರಲಿ. ಗಾಜಿಗೆ ಮಡಿಸುವ ಪರದೆ, ಸ್ಟಿಯರಿಂಗ್‌ಗೆ ಬಟ್ಟೆ. ಸೀಟ್ ಬೆಲ್ಟಿನ ಲೋಹದ ನಾಲಿಗೆಯನ್ನು ಬರಿಗೈಯಲ್ಲಿ ಹಿಡಿಯದೆ ಪ್ಲಾಸ್ಟಿಕ್ ಭಾಗವನ್ನೇ ಹಿಡಿದು ಎಳೆಯುವುದನ್ನು ಕೈ ತಾನಾಗಿ ಕಲಿಯುತ್ತದೆ. ಲೈಟರ್, ಡಿಯೋಡರೆಂಟ್ ಕ್ಯಾನ್, ಔಷಧಿ, ಲ್ಯಾಪ್‌ಟಾಪ್ ಕಾರಿನಲ್ಲಿ ಬಿಡಬೇಡಿ. ಬರಿಗಾಲಿನಲ್ಲಿ ರಸ್ತೆಗೆ ಇಳಿಯಬೇಡಿ. ಜುಲೈ ಮಧ್ಯಾಹ್ನದ ಟಾರು ಚರ್ಮ ಸುಡುತ್ತದೆ. ನಾಯಿ ಸಾಕಿದವರಿಗೂ ಇದೇ ಮಾತು.

ಮರುಭೂಮಿಯಲ್ಲಿ ಮಳೆ, ಪ್ರವಾಹ ಅಂತಾರಲ್ಲ?

ವರ್ಷದ ಸರಾಸರಿ ಮಳೆ ಏಳು ಇಂಚಿನ ಆಸುಪಾಸು. ಆಗುಂಬೆಯವರಿಗೆ ಅದು ಒಂದು ದಿನದ ಮಳೆ. ಆದರೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಮಾನ್ಸೂನ್ ಕಾಲದಲ್ಲಿ ಬಂದದ್ದು ಒಮ್ಮೆಗೇ ಸುರಿಯುತ್ತದೆ. ನೆಲ ಗಟ್ಟಿ, ನೀರು ಇಂಗುವುದಿಲ್ಲ. ಒಣಗಿ ಬಿದ್ದಿದ್ದ ಹಳ್ಳಗಳು ನಿಮಿಷಗಳಲ್ಲಿ ತುಂಬಿ ರಸ್ತೆ ಮೇಲೆ ಹರಿಯುತ್ತವೆ. ಅಡ್ಡ ಇಟ್ಟ ತಡೆ ದಾಟಿ ಆ ನೀರಿಗೆ ಕಾರು ನುಗ್ಗಿಸಿ ಸಿಕ್ಕಿಹಾಕಿಕೊಂಡರೆ, ನಿಮ್ಮನ್ನು ಎತ್ತಿ ತಂದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡುವ ಕಾನೂನು ಈ ರಾಜ್ಯದಲ್ಲಿದೆ.

ಮಳೆಗೆ ಮುಂಚೆ ಬರುವುದು ಹಬೂಬ್. ಕಂದು ಬಣ್ಣದ ಬೆಟ್ಟವೇ ಎದ್ದು ಊರಿನ ಮೇಲೆ ನಡೆದು ಬಂದ ಹಾಗೆ ಧೂಳಿನ ಗೋಡೆ ಬರುತ್ತದೆ. ಮೊದಲು ಗಾಳಿ ನಿಂತಂತಾಗುತ್ತದೆ, ಬೆಳಕು ಹಳದಿಗೆ ತಿರುಗುತ್ತದೆ, ಫೋನುಗಳು ಒಟ್ಟಿಗೆ ಎಚ್ಚರಿಕೆಯ ಸದ್ದು ಮಾಡುತ್ತವೆ, ಆಮೇಲೆ ಮುಂದಿನ ಕಾರಿನ ಹಿಂದೀಪವೂ ಕಾಣುವುದಿಲ್ಲ. ಹೆದ್ದಾರಿಯಲ್ಲಿದ್ದರೆ ರಸ್ತೆಯಿಂದ ಪೂರ್ತಿ ಹೊರಗೆ ಇಳಿಸಿ ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದೇ ರಸ್ತೆ ಅಂದುಕೊಂಡು ನಿಮಗೇ ಬಂದು ಗುದ್ದುತ್ತಾರೆ. ಸೀಟ್ ಬೆಲ್ಟ್ ಹಾಕಿಕೊಂಡೇ ಕಾಯಿರಿ.

ವ್ಯಾಲಿ ಫೀವರ್ ಅಂದರೇನು?

ಇಲ್ಲಿನ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಬರುವ ಕಾಯಿಲೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಧೂಳು ಕುಡಿದ ಒಂದರಿಂದ ಮೂರು ವಾರದಲ್ಲಿ ಜ್ವರ, ಕೆಮ್ಮು, ವಿಪರೀತ ಸುಸ್ತು. ನ್ಯುಮೋನಿಯಾ ಅಂತ ತಿಳಿದು ಆ್ಯಂಟಿಬಯೋಟಿಕ್ ಕೊಡುವುದುಂಟು. ಶಿಲೀಂಧ್ರಕ್ಕೆ ಅದು ನಾಟುವುದಿಲ್ಲ. ಎರಡು ವಾರವಾದರೂ ಕೆಮ್ಮು, ಸುಸ್ತು ಬಿಡದಿದ್ದರೆ 'ವ್ಯಾಲಿ ಫೀವರ್ ಟೆಸ್ಟ್ ಮಾಡಿ' ಅಂತ ನೀವೇ ಬಾಯಿಬಿಟ್ಟು ಕೇಳಿ. ರಜೆಗೆ ಊರಿಗೆ ಹೋದಾಗ ಕಾಯಿಲೆ ಬಿದ್ದರೆ ಅಲ್ಲಿನ ಡಾಕ್ಟರಿಗೆ ಅರಿಝೋನಾದಲ್ಲಿ ಇರುವುದನ್ನು ತಪ್ಪದೆ ಹೇಳಿ.

ಚೇಳು, ಹಾವು?

ಚೇಳು ಇವೆ. ತಿಳಿ ಕಂದು ಬಣ್ಣದ ಬಾರ್ಕ್ ಚೇಳು ಗೋಡೆ ಹತ್ತುತ್ತದೆ, ಅದೇ ಸ್ವಲ್ಪ ಅಪಾಯದ್ದು. ಅಲ್ಟ್ರಾವಯಲೆಟ್ ಟಾರ್ಚ್ ಹಾಕಿದರೆ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. ಮನೆ ಸೇರುವ ಮುನ್ನ ಒಂದು ರಾತ್ರಿ ಹಿತ್ತಲು, ಮೂಲೆಗಳನ್ನೆಲ್ಲ ಹೀಗೆ ನೋಡಿಬಿಡಿ. ಶೂ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ನೋವು, ಜೋಮು ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ ಪ್ರಾಣಾಪಾಯ ತೀರಾ ಅಪರೂಪ. 1-800-222-1222ಕ್ಕೆ ಕರೆ ಮಾಡಿದರೆ ವಿಷ ನಿಯಂತ್ರಣ ಕೇಂದ್ರದವರು ಏನು ಮಾಡಬೇಕು ಅಂತ ಹೇಳುತ್ತಾರೆ. ರ‍್ಯಾಟಲ್ ಹಾವು ಊರೊಳಗೆ ಕಡಿಮೆ, ಗುಡ್ಡದ ದಾರಿಗಳಲ್ಲಿ ಕಾಲಿಡುವ ಕಡೆ ಕಣ್ಣಿರಲಿ.

ನೀರು ಖಾಲಿಯಾಗುತ್ತಿದೆಯಂತೆ?

ಚಿಂತೆ ನಿಜ, ಆದರೆ ನಾಳೆ ನಲ್ಲಿ ಒಣಗುವ ಚಿಂತೆಯಲ್ಲ. ಊರಿಗೆ ಸಾಲ್ಟ್ ಮತ್ತು ವರ್ಡೆ ನದಿಗಳ ನೀರು ಒಂದು ಕಡೆಯಿಂದ, 336 ಮೈಲಿ ಉದ್ದದ ಕಾಲುವೆಯಲ್ಲಿ ಕೊಲರಾಡೋ ನದಿಯ ನೀರು ಇನ್ನೊಂದು ಕಡೆಯಿಂದ ಬರುತ್ತದೆ. ಕೊಲರಾಡೋದಲ್ಲಿ ನೀರು ಇಳಿದು 2022ರಿಂದ ಅರಿಝೋನಾದ ಪಾಲಿಗೆ ಕತ್ತರಿ ಬಿದ್ದಾಗ ಮೊದಲ ಪೆಟ್ಟು ತಿಂದವರು ಪಿನಾಲ್ ಕೌಂಟಿಯ ರೈತರು. ಬಾಡಿಗೆಗೆ ಇರುವವರಿಗೆ ಸದ್ಯ ಏನೂ ಅಲ್ಲ. ಮನೆ ಕೊಳ್ಳುವ ಕಾಲಕ್ಕೆ, ಊರಂಚಿನ ಹೊಸ ಬಡಾವಣೆಗೆ ನೀರು ಎಲ್ಲಿಂದ ಅಂತ ಖಂಡಿತ ಕೇಳಿ. ನಲ್ಲಿ ನೀರು ಕುಡಿಯಲು ಸುರಕ್ಷಿತ, ಗಡಸು. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿ ನೀರೇ ಬರುತ್ತದೆ.

ಕುಡಿತ, ಗಾಂಜಾ, ಬಂದೂಕು?

ಕುಡಿದು ಕಾರು ಓಡಿಸುವ ವಿಷಯದಲ್ಲಿ ಅರಿಝೋನಾ ಬಹಳ ಕಠಿಣ. ತಪ್ಪು ಸಾಬೀತಾದರೆ ಮೊದಲ ಸಲವೇ ಜೈಲು, ವೀಸಾಕ್ಕೂ ಕುತ್ತು. 21 ದಾಟಿದವರಿಗೆ ಗಾಂಜಾ ಈ ರಾಜ್ಯದಲ್ಲಿ 2020ರ ಮತದಾನದಿಂದ ಸಕ್ರಮ, ಆದರೆ ಕೇಂದ್ರ ಕಾನೂನಿನಲ್ಲಿ ಅಲ್ಲ, ವಲಸೆ ಕಾನೂನು ಕೇಂದ್ರದ್ದು. ವೀಸಾದ ಮೇಲಿರುವವರು ಹತ್ತಿರವೂ ಹೋಗಬೇಡಿ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡು ಓಡಾಡಲು ಇಲ್ಲಿ ಅವಕಾಶ ಇದೆ. ಅಂಗಡಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡವರು ಕಂಡರೆ ಗಾಬರಿ ಬೇಡ. ರಸ್ತೆಯಲ್ಲಿ ಯಾರೊಂದಿಗೂ ಜಗಳಕ್ಕೆ ಮಾತ್ರ ಇಳಿಯಬೇಡಿ.

ಒಂಟಿತನ ಕಾಡುತ್ತಾ?

ಕಾಡುತ್ತದೆ, ಮತ್ತು ಅದು ಜೂನ್-ಜುಲೈನಲ್ಲಿ ಕಾಡುತ್ತದೆ. ಚಳಿ ಊರುಗಳಲ್ಲಿ ಜನ ಜನವರಿಯಲ್ಲಿ ಒಳಗೆ ಸೇರಿಕೊಂಡ ಹಾಗೆ ಇಲ್ಲಿಯವರು ಬೇಸಿಗೆಯಲ್ಲಿ ಒಳಗೆ ಸೇರಿಕೊಳ್ಳುತ್ತಾರೆ. ತಣ್ಣನೆ ಮನೆಯಿಂದ ತಣ್ಣನೆ ಕಾರಿಗೆ, ಅಲ್ಲಿಂದ ತಣ್ಣನೆ ಆಫೀಸಿಗೆ. ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವವರಾದರೆ ಮೂರು ದಿನ ಯಾರ ಮುಖವನ್ನೂ ನೋಡದೆ ಕಳೆದದ್ದು ಗೊತ್ತೇ ಆಗುವುದಿಲ್ಲ.

ಮನಸ್ಸು ಬಂದಾಗ ಹೋಗೋಣ ಅಂದರೆ ಆಗುವುದಿಲ್ಲ, ಆ ಬಿಸಿಲಿಗೆ ಮನಸ್ಸು ಬರುವುದೇ ಇಲ್ಲ. ವಾರಕ್ಕೆ ಎರಡು ಕಡೆ, ನೀವು ಬರದಿದ್ದರೆ 'ಯಾಕೆ ಬರಲಿಲ್ಲ' ಅಂತ ಕೇಳುವಂಥ ಜಾಗದಲ್ಲಿ ಹೆಸರು ಕೊಟ್ಟುಬಿಡಿ. ಟೆಂಪಿಯಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀ ವೆಂಕಟಕೃಷ್ಣ ಕ್ಷೇತ್ರ ಇದೆ, ಮ್ಯಾರಿಕೋಪಾ ಊರಿನಲ್ಲಿ ಮಹಾ ಗಣಪತಿ ದೇವಸ್ಥಾನ. ದರ್ಶನಕ್ಕೆ ಹೋಗಿ ಬಂದರೆ ಯಾರ ಪರಿಚಯವೂ ಆಗುವುದಿಲ್ಲ. ಅಡುಗೆ ಮನೆಯಲ್ಲಿ ತರಕಾರಿ ಹೆಚ್ಚಲು ಕೂತರೆ ಒಂದೇ ಮಧ್ಯಾಹ್ನಕ್ಕೆ ನಾಲ್ಕು ಮನೆಯವರು ಊಟಕ್ಕೆ ಕರೆಯುತ್ತಾರೆ. ಕನ್ನಡ ಸಂಘದ ಕಾರ್ಯಕ್ರಮಕ್ಕೂ ಹಾಗೆಯೇ, ಕುರ್ಚಿ ಜೋಡಿಸಲು ಮುಂಚೆ ಹೋಗಿ. ದೀಪದ ಬೆಳಕಿನಲ್ಲಿ ರಾತ್ರಿ ಕ್ರಿಕೆಟ್ ಆಡುವವರಿದ್ದಾರೆ. ನಮ್ಮವರ ನಡುವೆಯೇ ಉಳಿಯಬೇಡಿ ಅಂತಲೂ ಹೇಳುತ್ತೇನೆ: ತಿಂಗಳ ಮೊದಲ ಶುಕ್ರವಾರ ಡೌನ್‌ಟೌನ್‌ನ ರೂಸ್‌ವೆಲ್ಟ್ ರೋ ಬೀದಿಗಳಲ್ಲಿ ಕಲಾವಿದರ ಸಂತೆಯೇ ನೆರೆಯುತ್ತದೆ. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಮ್ಯೂಸಿಯಂನಲ್ಲಿ ದೇಶದೇಶಗಳ ವಾದ್ಯಗಳಿವೆ, ನಮ್ಮವೂ ಇವೆ. ಇಡೀ ಮಧ್ಯಾಹ್ನ ತಂಪಿನಲ್ಲಿ ಕಳೆಯಬಹುದು.

ಗುಡ್ಡ ಹತ್ತುವವರು ಬೇಸಿಗೆಯಲ್ಲಿ ಬೆಳಗಿನ ನಾಲ್ಕೂವರೆಗೇ ಏಳುತ್ತಾರೆ. ತೀವ್ರ ಬಿಸಿಲಿನ ಎಚ್ಚರಿಕೆ ಇರುವ ದಿನ ಕ್ಯಾಮಲ್‌ಬ್ಯಾಕ್, ಪಿಯೆಸ್ಟೆವಾ ಗುಡ್ಡಗಳ ದಾರಿಯನ್ನು ನಗರಾಡಳಿತ ಬೆಳಗ್ಗೆಯಿಂದ ಸಂಜೆ 5ರವರೆಗೆ ಮುಚ್ಚುತ್ತದೆ. ಒಬ್ಬರೇ ಹತ್ತುವುದಾದರೆ ಯಾವ ಗುಡ್ಡ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬರಿಗೆ ಮೆಸೇಜ್ ಹಾಕಿಯೇ ಹೊರಡಿ. ಧಗೆ ತಡೆಯಲಾಗದಿದ್ದರೆ ಶನಿವಾರ ಫ್ಲಾಗ್‌ಸ್ಟಾಫ್‌ಗೆ ಹೋಗಿ ಬನ್ನಿ. ಉತ್ತರಕ್ಕೆ ಎರಡು ಗಂಟೆ ದಾಟಿದ ದಾರಿ, ಸುಮಾರು 7,000 ಅಡಿ ಎತ್ತರ, ಪೈನ್ ಮರಗಳ ಕೆಳಗೆ ಸ್ವೆಟರ್ ಬೇಕೆನಿಸುವ ಸಂಜೆ.

ದಿನಕ್ಕೊಮ್ಮೆ ವಿಚಾರಿಸುವ ಮನುಷ್ಯ ಬೇಕು ಅಂದೆನಲ್ಲ, ಅದನ್ನು ನಾವು ಕೆಲವರು ಹೀಗೆ ಮಾಡಿಕೊಂಡಿದ್ದೇವೆ: ಒಂಟಿಯಾಗಿರುವ ಇಬ್ಬರು ಜೊತೆ. ಬೆಳಗ್ಗೆ ಎಂಟರೊಳಗೆ ಒಬ್ಬರಿಗೊಬ್ಬರು ಒಂದು ಮೆಸೇಜ್. ಬರದಿದ್ದರೆ ಫೋನ್. ಎತ್ತದಿದ್ದರೆ ಮನೆಗೆ ಹೋಗುವುದು. ಮನೆಯ ಇನ್ನೊಂದು ಕೀಲಿ ಅವರ ಹತ್ತಿರ, ಊರಿನ ಮನೆಯವರ ನಂಬರೂ ಅವರ ಹತ್ತಿರ. ಕೇಳಲು ಮುಜುಗರ ಅನ್ನಿಸಬಹುದು. ಕೇಳಿ ನೋಡಿ, ಎದುರಿನವರೂ ಇದನ್ನೇ ಯಾರನ್ನು ಕೇಳುವುದು ಅಂತ ಕಾಯುತ್ತಿರುತ್ತಾರೆ.

ಊರಿಗೆ ಫೋನ್ ಮಾಡಲು ಸಮಯ ಹೊಂದುತ್ತಾ?

ಹೊಂದುತ್ತದೆ. ಅರಿಝೋನಾದಲ್ಲಿ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ (ಮೂಲನಿವಾಸಿಗಳಾದ ನವಾಹೋ ಜನರ ಸೀಮೆ ಬಿಟ್ಟು). ವರ್ಷವಿಡೀ ಭಾರತ ಹನ್ನೆರಡೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ ಎಂಟು ಅಂದರೆ ಅಲ್ಲಿ ಮರುದಿನ ಬೆಳಗ್ಗೆ ಎಂಟೂವರೆ.

ಮದುವೆ ವಯಸ್ಸಿನವರಿಗೆ ಜೊತೆ ಸಿಗುತ್ತಾರಾ?

ಸಿಗುತ್ತಾರೆ, ನಿಧಾನವಾಗಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದಷ್ಟು ನಮ್ಮ ಜನ ಇಲ್ಲಿಲ್ಲ. ಆ ಒಂದೇ ಉದ್ದೇಶಕ್ಕೆ ಊರು ಆರಿಸುವುದಾದರೆ ಬೇರೆ ಊರು ನೋಡಿ.

ಅಪ್ಪ ಅಮ್ಮನನ್ನು ಯಾವಾಗ ಕರೆಸಿಕೊಳ್ಳಲಿ?

ನವೆಂಬರ್‌ನಲ್ಲಿ ಬರಲಿ, ಮಾರ್ಚ್ ಕೊನೆಗೆ ಹೊರಡಲಿ. ಬೆಳಗ್ಗೆ ಸಂಜೆ ಕಾಲುವೆ ದಂಡೆಯ ಮೇಲೆ ವಾಕಿಂಗ್ ಮಾಡಬಹುದು, ಮನೆಗಳ ಅಂಗಳದಲ್ಲಿ ಕಿತ್ತಳೆ, ನಿಂಬೆ ತೂಗುತ್ತಿರುತ್ತವೆ. ಕರಿಬೇವು, ನುಗ್ಗೆ ಇಲ್ಲಿ ಚೆನ್ನಾಗಿ ಬರುತ್ತವೆ. ಅಮ್ಮ ಕುಂಡದಲ್ಲಿ ನೆಟ್ಟರೆ ಡಿಸೆಂಬರ್, ಜನವರಿಯ ಒಂದೆರಡು ಚಳಿ ರಾತ್ರಿ ಹಳೆಯ ಬೆಡ್‌ಶೀಟ್ ಹೊದಿಸಬೇಕು. ಪ್ರಯಾಣದ ವಿಮೆಯನ್ನು ಹೊರಡುವ ಮುಂಚೆಯೇ ಮಾಡಿಸಿ, ಬಿಪಿ ಶುಗರ್ ಮಾತ್ರೆಗಳನ್ನು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ತರಲಿ. ಮೊದಲ ವಾರ ತುಟಿ ಒಡೆಯುವುದು, ಮೂಗಿನಲ್ಲಿ ಸ್ವಲ್ಪ ರಕ್ತ ಬರುವುದು ಒಣ ಹವೆಗೆ ಸಾಮಾನ್ಯ. ತುಟಿಗೆ ಕೊಬ್ಬರಿ ಎಣ್ಣೆ, ಕೋಣೆಗೊಂದು ಹ್ಯುಮಿಡಿಫೈಯರ್ ಸಾಕು. ಮೂಗಿನ ರಕ್ತ ನಿಲ್ಲದಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ, ಹತ್ತಿರದ ಅರ್ಜೆಂಟ್ ಕೇರ್‌ಗೆ ಕರೆದುಕೊಂಡು ಹೋಗಿ.